ಚಿಟ್ಟಿಗೂ ಮೊದಲಿನ ಯಂತ್ರಮಾನವ
ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡಿಗರಿಗೂ ರೋಬೋ ಸಿನಿಮಾ ಎಂದರೆ ಥಟ್ಟನೆ ನೆನಪಾಗುವುದು 2010ರಲ್ಲಿ ಬಂದ ರಜನಿಕಾಂತ್ ಅವರ ‘ಎಂದಿರನ್’ ಮತ್ತು ಅದರ ಚಿಟ್ಟಿ ಎಂಬ ರೋಬೋ. ಅದಕ್ಕೂ ಎಂಟು ವರ್ಷ ಮೊದಲು, 2002ರಲ್ಲೇ, ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ ಎಂಬ ಕನ್ನಡ ಚಿತ್ರ ತೆರೆಗೆ ಬಂದಿತ್ತು. ಉಪೇಂದ್ರ ಅವರದು ತ್ರಿಪಾತ್ರ. ಅದರಲ್ಲೊಂದು ಯುಎಸ್ 47 ಎಂಬ ಯಂತ್ರಮಾನವ. ತನ್ನನ್ನು ಸೃಷ್ಟಿಸಿದವನು ಮೆಚ್ಚಿದ ಹುಡುಗಿಗೇ ಅದು ಮನಸೋಲುತ್ತದೆ! ಹಾಸ್ಯ ಹೆಚ್ಚಾಯಿತು, ಗ್ರಾಫಿಕ್ಸ್ ಸೊರಗಿತು ಎನ್ನುವವರ ಮಾತು ಸುಳ್ಳಲ್ಲ. ಆದರೆ ಯಂತ್ರಕ್ಕೂ ಆಸೆ ಹುಟ್ಟಿದರೆ ಒಡೆಯನ ಗತಿಯೇನು ಎಂಬ ಆ ಎಳೆ ಗಟ್ಟಿಯಾದದ್ದು, ಕೃತಕ ಬುದ್ಧಿಮತ್ತೆಯ ಈ ಹೊತ್ತಿನಲ್ಲಂತೂ ಇನ್ನೂ ಹತ್ತಿರದ್ದು. ನಾಟಕ, ಯಕ್ಷಗಾನಕ್ಕೆ ಸೇರುವ ಇಲ್ಲಿನ ಕನ್ನಡ ಸಂಘಗಳು ಒಂದು ಭಾನುವಾರ ಈ ಚಿತ್ರವನ್ನೂ ತೋರಿಸಿ, ಐಟಿ ಕಂಪನಿಗಳಲ್ಲಿ ದುಡಿಯುವ ಹುಡುಗರನ್ನು ಚರ್ಚೆಗೆ ಕರೆಯಬೇಕು.