ವೀಣೆ ಕಲಿಕೆಗೆ ಅವಸರ ಬೇಡ

ಮಗು ವೀಣೆ ಪಾಠಕ್ಕೆ ಸೇರಿದ ಕೂಡಲೇ ಪಾಲಕರಾದ ನಾವು ಕೇಳುವುದು ಒಂದೇ: "ವಾರ್ಷಿಕೋತ್ಸವಕ್ಕೆ ಒಂದು ಕೀರ್ತನೆ ನುಡಿಸುತ್ತಾಳೆಯೇ?" ಈ ಅವಸರವೇ ಎಷ್ಟೋ ವೀಣೆಗಳನ್ನು ಮೂಲೆಗೆ ಸೇರಿಸುತ್ತದೆ ಎಂಬುದು ನಮ್ಮ ಅನಿಸಿಕೆ.

ವೀಣೆಯಲ್ಲಿ ನುಡಿಸುವ ತಂತಿಗಳು 4, ತಾಳದ ತಂತಿಗಳು 3, ಮೆಟ್ಟಿಲುಗಳು 24. ಸರಳೆ, ಜಂಟಿ ವರಸೆಗಳಲ್ಲಿ ಕೈ ಪಳಗದೆ ತಂತಿ ಎಳೆದು ಗಮಕ ನುಡಿಸಲಾಗದು. ಆರಂಭದಲ್ಲಿ ಎಡಗೈ ಬೆರಳುಗಳು ನೋಯುವುದು ಸಹಜ. ಆದ್ದರಿಂದ ರಜಾದಿನ ಎರಡು ಗಂಟೆ ಕೂರುವುದಕ್ಕಿಂತ ದಿನವೂ 20 ನಿಮಿಷ ಮೇಲು. ಶ್ರುತಿ ಸೇರಿದ ಮೇಲೆಯೇ ಅಭ್ಯಾಸ ಶುರುವಾಗಲಿ. ಬಿರಡೆ ತಿರುಗಿಸುವುದನ್ನು ಗುರುಗಳಿಂದ ಕಲಿತು ಮಕ್ಕಳೇ ಶ್ರುತಿ ಮಾಡಲಿ. ಕಿವಿ ತಯಾರಾಗುವುದು ಹಾಗೆಯೇ.

ಇನ್ನೊಂದು ಮಾತು. ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಕೊಲ್ಲಿ ನಾಡಿನ ಬೇಸಿಗೆಯಲ್ಲಿ ವೀಣೆಯನ್ನು ಕಾರಿನಲ್ಲಿ ಬಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಜರುಗುತ್ತವೆ, ಸ್ವರಸ್ಥಾನ ತಪ್ಪುತ್ತದೆ. ಅದನ್ನು ಸರಿಪಡಿಸುವುದು ನುರಿತವರ ಕೆಲಸ, ನಾವೇ ಕೈಹಾಕಬಾರದು.

ಮಕ್ಕಳೇ, ವರಸೆಗಳಿಗೆ ಬೇಸರಪಡಬೇಡಿ. ಪಾಲಕರೇ, ವೇದಿಕೆ ಒಂದೆರಡು ವರ್ಷ ಕಾಯಲಿ. ಆ 20 ನಿಮಿಷ ಟಿವಿ ಆರಿಸಿ ಮಗುವಿನ ಪಕ್ಕದಲ್ಲಿ ಕೂತು ಕೇಳೋಣ. ಕಲಿಯುವವರಿಗೆ ಮೊದಲು ಬೇಕಾದ ಸಭೆ ಅದೇ.