‘ಹೌದು’ ಅಂದವರು ನೀವೇ

2025ರ ಜೂನ್ ಕೊನೆಯಲ್ಲಿ ಹೂಗ್ಯಂ ಹೆಸರು ಊರೂರಿಗೂ ಮುಟ್ಟಿತು. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ, ಮೀಣ್ಯಂ ಕಾಡಿನೊಳಗೆ, ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಟಿವಿಯವರು ಬಂದರು, ಇಲಾಖೆಯವರು ಬಂದರು, ಬಂಧನಗಳೂ ಆದವು. ನನ್ನ ಪ್ರಶ್ನೆ ಬೇರೆ. ಆ ವಾರ ಹೂಗ್ಯಂ, ಮಾರ್ಟಳ್ಳಿ, ಸಂದನಪಾಳ್ಯದ ಸೀಮೆಯ ಕಥೋಲಿಕ ಮನೆಗಳಲ್ಲಿ, ರಾತ್ರಿ ಉಣ್ಣಲು ಕೂತಾಗ, ಮಕ್ಕಳ ಮುಂದೆ ನಾವು ಏನು ಮಾತಾಡಿದೆವು?

ಹಸು ಕಳೆದುಕೊಂಡವರ ಹೊಟ್ಟೆಯುರಿ ನಮಗೆ ಗೊತ್ತು. ಆದರೂ ‘ಸೇಡು ತೀರಿಸಿಕೊಳ್ಳೋದು ಸರಿನಾ ಅಪ್ಪಾ?’ ಎಂದು ಹುಡುಗನೊಬ್ಬ ಕೇಳಿದ್ದರೆ, ‘ನಿಂಗ್ಯಾಕೆ, ಸುಮ್ನೆ ಉಣ್ಣು’ ಅಂದಿರುತ್ತೇವೆ. ಧರ್ಮೋಪದೇಶ ನಡೆಯಬೇಕಿದ್ದದ್ದು ಆ ತಟ್ಟೆಯ ಮುಂದೆಯೇ. ಸೃಷ್ಟಿಯನ್ನು ಕಾಯುವ ಹೊಣೆಯ ಬಗ್ಗೆ ಪೋಪ್ ಫ್ರಾನ್ಸಿಸ್ 2015ರಲ್ಲಿ ‘ಲೌದಾತೋ ಸಿ’ ಬರೆದರು. ಕಾಡಂಚಿನಲ್ಲಿ ರಾಗಿ ಬೆಳೆದು ಆನೆಗೆ ಕಾವಲು ಕೂರುವ ನಮಗಿಂತ ಅದು ಇನ್ಯಾರಿಗೆ ಬೇಕು?

ಜ್ಞಾನಸ್ನಾನದ ದಿನ ನೆನಪು ಮಾಡಿಕೊಳ್ಳಿ. ನೀರು ಸುರಿಯುವ ಮೊದಲು ಗುರುಗಳು ತಂದೆತಾಯಿಯನ್ನು ಕೇಳುತ್ತಾರೆ: ಈ ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆ ನಿಮ್ಮದು, ಅರಿವಿದೆಯೇ? ಹೌದು ಅಂದವರು ನೀವೇ. ಮಕ್ಕಳಿಗೆ ಮೊದಲ ಗುರುಗಳು ಹೆತ್ತವರು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತು. ನಾವೋ, ಆ ಹೊಣೆಯನ್ನು ಸಿಸ್ಟರ್‌ಗೆ, ಉಪದೇಶಿಗೆ, ಹಾಸ್ಟೆಲ್ಲಿಗೆ ಹಂಚಿ ಕೈತೊಳೆದುಕೊಂಡೆವು.

ಪ್ರಥಮ ಪರಮಪ್ರಸಾದಕ್ಕೆ ಮಾತ್ರ ಯಾರೂ ಹಿಂದೆ ಬೀಳುವುದಿಲ್ಲ. ಸಂಘದಲ್ಲಿ ಸಾಲ ಎತ್ತಿ ಶಾಮಿಯಾನ, ಬಿರಿಯಾನಿ, ರಸ್ತೆ ತಿರುವಿನಲ್ಲಿ ಮಗಳ ಫೋಟೋದ ಫ್ಲೆಕ್ಸ್. ಮುಂದಿನ ಭಾನುವಾರ ಅದೇ ಹುಡುಗಿ ಪೂಜೆಗೆ ಒಬ್ಬಳೇ ಒಳಗೆ ಹೋಗುತ್ತಾಳೆ. ಅಪ್ಪ ಹೊರಗೆ ಬೈಕಿನ ಮೇಲೆ ಒಂದು ಕಾಲು ಮಡಚಿ ಕೂತು ಮೊಬೈಲ್ ಒತ್ತುತ್ತಿರುತ್ತಾನೆ. ಪ್ರಬೋಧನೆ ಮುಗಿಯುವ ತನಕ ಹೊಸಿಲು ದಾಟುವುದಿಲ್ಲ. ಮಗಳು ಕಿಟಕಿಯಿಂದ ನೋಡುತ್ತಿರುತ್ತಾಳೆ.

ಬಡತನ ಅನ್ನಬೇಡಿ, ಅದು ನನಗೂ ಗೊತ್ತು. ಮಳೆ ಕೈಕೊಟ್ಟರೆ ದುಡಿಯಲು ತಿರುಪ್ಪೂರು, ಈರೋಡು, ಬೆಂಗಳೂರು. ಮಕ್ಕಳು ಅಜ್ಜಿಯ ಪಾಲಿಗೆ. ಅಜ್ಜಿಗೆ ಜಪಸರ ತಮಿಳಿನಲ್ಲಿ ಬಾಯಿಪಾಠ, ಮೊಮ್ಮಗನಿಗೆ ಓದಲು ಬರುವುದು ಕನ್ನಡ. (1956ರ ತನಕ ನಮ್ಮ ಕೊಳ್ಳೇಗಾಲ ಸೀಮೆ ಕೊಯಮತ್ತೂರು ಜಿಲ್ಲೆಯಲ್ಲಿತ್ತಲ್ಲ, ಆ ನಂಟು ಇನ್ನೂ ನಾಲಿಗೆಯ ಮೇಲಿದೆ.) ಅದೇನೂ ಅಡ್ಡಿಯಲ್ಲ. ಅಜ್ಜಿ ಅರ್ಧ ತಮಿಳಿನಲ್ಲಿ ಹೇಳಿದರೆ ಉಳಿದರ್ಧ ಮೊಮ್ಮಕ್ಕಳು ಕನ್ನಡದಲ್ಲಿ ಮುಗಿಸಲಿ. ಮಾತೆ ಮರಿಯಮ್ಮನಿಗೆ ಎರಡೂ ತಿಳಿಯುತ್ತದೆ.

ಅಡ್ಡಿ ಇರುವುದು ಬೇರೆ ಕಡೆ. ಕುಡಿದು ಬಂದು ಹೆಂಡತಿಯ ಮೇಲೆ ಕೈ ಮಾಡುವವನು ಮಗನಿಂದ ಜಪಸರ ಹೇಳಿಸಿ ಏನು ಬಂತು? ಒಂದೇ ಪೀಠದ ಪ್ರಸಾದ ಸ್ವೀಕರಿಸಿ ಬಂದು, ಮದುವೆ ಮಾತಿನಲ್ಲಿ ‘ಯಾವ ಜನ’ ಎಂದು ಕೇಳುವ ಮನೆಯಲ್ಲಿ ಮಗಳು ಯಾವ ಸುವಾರ್ತೆ ಕಲಿತಾಳು? 2022ರಲ್ಲಿ ಸಂತ ಪದವಿಗೇರಿದ ದೇವಸಹಾಯಂ ಪಾದ್ರಿಯಲ್ಲ, ಸನ್ಯಾಸಿಯಲ್ಲ. ಹೆಂಡತಿಯಿದ್ದ ಸಂಸಾರಿ, ತಿರುವಾಂಕೂರಿನ ಅರಮನೆ ನೌಕರ. ಜಾತಿ ಮೀರಿ ಎಲ್ಲರೂ ಸಮಾನರೆಂದು ಬಾಳಿದವರು. 1752ರಲ್ಲಿ ಗುಂಡಿಗೆ ಎದೆಯೊಡ್ಡಿದರು. ಅವರ ಕಥೆಯನ್ನು ನಿಮ್ಮ ಮಕ್ಕಳಿಗೆ ನೀವು ಹೇಳಿದ್ದೀರಾ?

ಮುಂದಿನ ಹಬ್ಬದ ತನಕ ಕಾಯಬೇಡಿ. ಇವತ್ತು ರಾತ್ರಿ ಟಿವಿ ಆರಿಸಿ ಚಾಪೆ ಹಾಸಿ, ಮೊದಲ ರಹಸ್ಯವನ್ನು ಅಪ್ಪನೇ ಶುರು ಮಾಡಲಿ. ದೂರದೂರಲ್ಲಿ ದುಡಿಯುವವರು ‘ಊಟ ಆಯ್ತಾ, ಫೀಸ್ ಕಟ್ಟಾಯ್ತಾ’ ಎಂದಷ್ಟೇ ಕೇಳಿ ಫೋನ್ ಇಡಬೇಡಿ. ಸ್ಪೀಕರ್ ಹಾಕಿಸಿ ಹತ್ತು ಮಣಿ ಜೊತೆಗೆ ಹೇಳಿ. ಆಮೇಲೆ, ಇವತ್ತು ಯಾರ ಜೊತೆ ಮಾತು ಬಿಟ್ಟೆ ಎಂದು ಮಗನನ್ನು ಕೇಳಿ. ಅದೇ ಪ್ರಶ್ನೆಯನ್ನು ಅವನು ತಿರುಗಿ ನಿಮಗೇ ಕೇಳಿದರೆ, ನಿಜ ಹೇಳಿ.