ಮುರಿದ ಹಲ್ಲಿನ ಖರ್ಚು ಯಾರ ಖಾತೆಗೆ?

ನ್ಯೂಜಿಲೆಂಡ್‌ನಲ್ಲಿ ರಗ್ಬಿ ಪಂದ್ಯಕ್ಕೆ ಇಳಿಯುವವರು ಮೌತ್‌ಗಾರ್ಡ್ ಹಾಕಿಕೊಳ್ಳಲೇಬೇಕು ಎಂಬ ನಿಯಮ 1998ರಿಂದ ಎಲ್ಲ ದರ್ಜೆಗಳಿಗೂ ಅನ್ವಯವಾಯಿತು. ರಗ್ಬಿಯಲ್ಲಿ ಹಲ್ಲಿಗೆ ಪೆಟ್ಟಾಯಿತೆಂದು ಪರಿಹಾರ ಕೇಳಿ ಬರುತ್ತಿದ್ದ ಅರ್ಜಿಗಳು 1995ಕ್ಕೆ ಹೋಲಿಸಿದರೆ 2003ರ ಹೊತ್ತಿಗೆ ಶೇ 43ರಷ್ಟು ಇಳಿದಿದ್ದವು. ದಂತವೈದ್ಯರು ಪದೇ ಪದೇ ಹೇಳುವ ಅಂಕಿ ಇದು. ನನಗೆ ಹೆಚ್ಚು ಮುಖ್ಯವೆನಿಸುವುದು ಆ ಅರ್ಜಿಗಳು ಯಾರ ಮೇಜಿಗೆ ಹೋಗುತ್ತಿದ್ದವು ಎಂಬುದು. ಆ ದೇಶದಲ್ಲಿ ಸರ್ಕಾರದ್ದೇ ಅಪಘಾತ ಪರಿಹಾರ ನಿಗಮವಿದೆ. ತಪ್ಪು ಯಾರದೇ ಇರಲಿ, ಚಿಕಿತ್ಸೆಯ ವೆಚ್ಚದ ಹೊರೆ ಅದರ ಮೇಲೆ ಬೀಳುತ್ತದೆ. ಆಟಗಾರನ ಹಲ್ಲು ಉಳಿದರೆ ನಿಗಮದ ದುಡ್ಡೂ ಉಳಿಯುತ್ತದೆ. ನಿಯಮ ಕಾಗದದಲ್ಲೇ ಕೊಳೆಯದೆ ಮೈದಾನದವರೆಗೆ ಬಂದದ್ದರ ಹಿಂದೆ ಈ ಲೆಕ್ಕಾಚಾರವೂ ಇದೆ ಎಂಬುದು ನನ್ನ ಅಂದಾಜು.

ನಮ್ಮಲ್ಲಿ ಆ ಲೆಕ್ಕ ಇಡುವವರೇ ಇಲ್ಲ. ಹೋಬಳಿ ಮಟ್ಟದ ಕಬಡ್ಡಿಯಲ್ಲಿ ರೈಡರ್‌ನ ಪಾದ ಹಿಡಿಯಲು ಹುಡುಗನೊಬ್ಬ ನೆಲಕ್ಕೆ ಹಾರುತ್ತಾನೆ, ರೈಡರ್‌ನ ಮಂಡಿ ಬಾಯಿಗೆ ಬಡಿಯುತ್ತದೆ, ಮೇಲಿನ ಮುಂದಿನ ಹಲ್ಲು ಬೇರುಸಮೇತ ಕಿತ್ತುಬರುತ್ತದೆ. ಖರ್ಚು ಅಪ್ಪ ಅಮ್ಮನದು. ಆಸ್ಪತ್ರೆಗೆ ದಾಖಲಾಗದ ಹಲ್ಲಿನ ಚಿಕಿತ್ಸೆಗೆ ಆರೋಗ್ಯ ವಿಮೆಯ ಹಣ ಸಾಮಾನ್ಯವಾಗಿ ಸಿಗುವುದಿಲ್ಲ. ಕ್ರೀಡಾಕೂಟ ನಡೆಸಿದ ಇಲಾಖೆಗಾಗಲೀ ಶಾಲೆಗಾಗಲೀ ಒಂದು ಪೈಸೆಯೂ ನಷ್ಟವಿಲ್ಲ. ನಷ್ಟ ತಟ್ಟದವರು ನಿಯಮ ಮಾಡುವ ಗೋಜಿಗೆ ಹೋಗುವುದೂ ಇಲ್ಲ.

ಆ ಹುಡುಗನಿಗೆ ಹನ್ನೆರಡು ವರ್ಷ ಎಂದುಕೊಳ್ಳಿ. ಬಿದ್ದ ಹಲ್ಲನ್ನು ಬೇರು ಮುಟ್ಟದೆ ಎತ್ತಿಕೊಂಡು, ಮಣ್ಣಾಗಿದ್ದರೆ ತುಸು ತೊಳೆದು, ಅಲ್ಲೇ ಗೂಡಿಗೆ ಕೂರಿಸಬೇಕು. ಅದಾಗದಿದ್ದರೆ ತಣ್ಣನೆಯ ಹಾಲಿನಲ್ಲಿಟ್ಟು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ಓಡಬೇಕು. (ಹಾಲುಹಲ್ಲಾದರೆ ಮಾತ್ರ ಮರಳಿ ಕೂರಿಸಬಾರದು.) ಮೈದಾನದಲ್ಲಿ ಆಗುವುದೇ ಬೇರೆ. ಯಾರೋ ಹಲ್ಲನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಡುತ್ತಾರೆ. ಬೇರಿಗಂಟಿದ ಜೀವಕೋಶಗಳು ಒಣಗಿ ಸಾಯುತ್ತವೆ. ಹಾಗೆ ಒಣಗಿದ ಹಲ್ಲನ್ನು ಮತ್ತೆ ಕೂರಿಸಿದರೂ ಅದು ಮೂಳೆಗೆ ಬೆಸೆದುಕೊಂಡು ವರ್ಷಗಳಲ್ಲಿ ಕರಗುತ್ತಾ ಹೋಗುತ್ತದೆ. ಸುತ್ತಲಿನ ದವಡೆ ಬೆಳೆದಂತೆ ಅದೊಂದು ಕುಳ್ಳಗೆ ಉಳಿಯುತ್ತದೆ. ಇಂಪ್ಲಾಂಟ್ ಹಾಕಿಸೋಣವೆಂದರೆ ದವಡೆಯ ಬೆಳವಣಿಗೆ ಮುಗಿಯುವವರೆಗೆ ಕಾಯಬೇಕು, ಅಂದರೆ ಹುಡುಗ ಕಾಲೇಜು ಸೇರುವವರೆಗೆ. ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲು, ಕ್ಲಾಸಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು.

ಇಷ್ಟೆಲ್ಲವನ್ನೂ ಬಹುಮಟ್ಟಿಗೆ ತಡೆಯಬಲ್ಲ ಸಾಧನ ಇವತ್ತಿನದಲ್ಲ. ಲಂಡನ್ನಿನ ದಂತವೈದ್ಯ ವೂಲ್ಫ್ ಕ್ರೌಸ್ 1890ರ ದಶಕದಲ್ಲೇ ಬಾಕ್ಸರ್‌ಗಳ ಹಲ್ಲಿಗೆ ಗಟ್ಟಾಪರ್ಚಾ ಎಂಬ ರಬ್ಬರಿನಂಥ ಅಂಟಿನ ಪಟ್ಟಿ ಅಂಟಿಸುತ್ತಿದ್ದರು. ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್‌ನಲ್ಲಿ 1962ರಿಂದ ಮೌತ್‌ಗಾರ್ಡ್ ಕಡ್ಡಾಯ. ನಮ್ಮ ಬಾಕ್ಸಿಂಗ್ ಹುಡುಗರನ್ನೂ ಗಮ್‌ಶೀಲ್ಡ್ ಇಲ್ಲದೆ ರಿಂಗ್‌ಗೆ ಬಿಡುವುದಿಲ್ಲ. ಕೆಂಪು ಬಣ್ಣದ್ದು ನಡೆಯುವುದಿಲ್ಲ. ರೆಫರಿಗೆ ರಕ್ತ ಕಾಣಬೇಕಲ್ಲ! ಆದರೆ 160 ಗ್ರಾಂ ಆಸುಪಾಸಿನ ಗಟ್ಟಿ ಚೆಂಡು ಆಸ್ಟ್ರೋ ಟರ್ಫ್ ಮೇಲಿಂದ ಸ್ಟಿಕ್ಕಿಗೆ ತಾಗಿ ಮುಖದ ಎತ್ತರಕ್ಕೆ ಚಿಮ್ಮುವ ಹಾಕಿಯಲ್ಲಿ, ಅಂತರರಾಷ್ಟ್ರೀಯ ನಿಯಮ ಬಾಯಿಯ ರಕ್ಷಣೆಯನ್ನು ಶಿಫಾರಸು ಮಾಡಿ ಸುಮ್ಮನಾಗುತ್ತದೆ. ಶಿಫಾರಸು ಎಂದರೆ ನಮ್ಮಲ್ಲಿ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಗಾಯ ತಡೆದವರಿಗಿಂತ ಸಹಿಸಿದವರನ್ನು ಮೆಚ್ಚುವುದು ನಮಗೆ ಸುಲಭ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಎಸೆದು ಲಾರಾ ವಿಕೆಟ್ ಕಿತ್ತ ಅನಿಲ್ ಕುಂಬ್ಳೆ ನಮ್ಮ ಹೆಮ್ಮೆ, ಸರಿಯೇ. ಆದರೆ ಏಳನೇ ತರಗತಿಯ ಹುಡುಗನಿಗೆ ‘ಗಂಡಸಲ್ಲವೇನೋ, ಎದ್ದು ಆಡು’ ಎಂದು ಅದೇ ಕಥೆ ಹೇಳುವ ತರಬೇತುದಾರರ ಬಗ್ಗೆ ನನಗೆ ತಕರಾರಿದೆ.

ಮೌತ್‌ಗಾರ್ಡ್ ಬೇಡವೆನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಉಸಿರು ಕಟ್ಟುತ್ತದೆ, ವಾಕರಿಕೆ ಬರುತ್ತದೆ, ಮಾತು ಹೊರಡುವುದಿಲ್ಲ ಎನ್ನುತ್ತಾರೆ. ಕಬಡ್ಡಿಯಲ್ಲಂತೂ ರೈಡರ್‌ನ ‘ಕಬಡ್ಡಿ ಕಬಡ್ಡಿ’ ಅಂಪೈರ್‌ಗೆ ಸ್ಪಷ್ಟವಾಗಿ ಕೇಳಲೇಬೇಕು. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಗಾರ್ಡ್‌ಗಳಿಗೆ ಈ ದೂರು ನಿಜವಾಗಿಯೂ ಸಲ್ಲುತ್ತದೆ. ಜೋರಾಗಿ ಕಚ್ಚಿದ ಕಡೆ ಅದು ತೆಳುವಾಗುತ್ತದೆ, ಬಾಯಿ ತೆರೆದರೆ ಜಾರುತ್ತದೆ. ಅಳತೆಗೆ ಮಾಡಿಸಿದ್ದು ಹಾಗಲ್ಲ. ಹಲ್ಲಿನ ಅಚ್ಚು ತೆಗೆದು ಗಟ್ಟಿ ಪ್ಲಾಸ್ಟರ್‌ನಲ್ಲಿ ಮಾದರಿ ಎರೆಯುತ್ತಾರೆ. ಇವಿಎ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಯಂತ್ರದಲ್ಲಿ ಕಾಯಿಸಿದಾಗ ಅದು ಮೆತ್ತಗಾಗಿ ಹೊಟ್ಟೆ ಬಿಟ್ಟಂತೆ ಜೋಲುತ್ತದೆ. ಆ ಕ್ಷಣಕ್ಕೆ ಮಾದರಿಯ ಮೇಲಿಳಿಸಿ ಗಾಳಿ ಹೀರಿದರೆ ಪ್ರತಿ ಹಲ್ಲಿನ ಸಂದಿಗೂ ಹಾಳೆ ಕಚ್ಚಿಕೊಳ್ಳುತ್ತದೆ. ಅಂಚು ಕತ್ತರಿಸಿ, ಮೇಲ್ದುಟಿಯ ಒಳಗಿನ ಎಳೆಗೆ ಜಾಗ ಬಿಟ್ಟು ನಯಗೊಳಿಸಿದರೆ ಮುಗಿಯಿತು. ಅದನ್ನು ಹಾಕಿಕೊಂಡು ಮಾತಾಡಬಹುದು, ನೀರನ್ನೂ ಕುಡಿಯಬಹುದು. ಖಾಸಗಿ ಕ್ಲಿನಿಕ್‌ನಲ್ಲಿ ಇದಕ್ಕೆ ಸಾವಿರಗಳ ಲೆಕ್ಕದಲ್ಲಿ ಖರ್ಚಾಗುತ್ತದೆ. ಇದು ಮಿದುಳಿನ ಪೆಟ್ಟನ್ನೂ ತಡೆಯುತ್ತದೆಂದು ಜಾಹೀರಾತು ಹೇಳಿದರೆ ಮಾತ್ರ ನಂಬಬೇಡಿ. ಅದಕ್ಕೆ ಹಲ್ಲಿನ ವಿಷಯದಲ್ಲಿರುವಷ್ಟು ಗಟ್ಟಿ ಆಧಾರವಿಲ್ಲ.

ಹಾಗೆಂದು ನಾಳೆಯೇ ‘ಗಾರ್ಡ್ ಇಲ್ಲದವರಿಗೆ ಆಟವಿಲ್ಲ’ ಎಂದು ಸುತ್ತೋಲೆ ಹೊರಡಿಸಿದರೆ ಮೊದಲು ಹೊರಬೀಳುವವರು ಬರಿಗಾಲಲ್ಲಿ ಆಡುವ ಸರ್ಕಾರಿ ಶಾಲೆಯ ಮಕ್ಕಳು. ಕೊಡುವ ವ್ಯವಸ್ಥೆ ಮೊದಲಾಗಲಿ, ಕಡ್ಡಾಯ ಆಮೇಲೆ. ಕೊಡುವುದು ಕಷ್ಟವೇ? ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ಮೇಲೆ ಹೇಳಿದ ಕೆಲಸ ವಿದ್ಯಾರ್ಥಿಗಳು ಕಲಿಯಬೇಕಾದದ್ದೇ. ದಂತ ಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಹಲ್ಲಿನ ಸೆಟ್ಟನ್ನು ಸರ್ಕಾರ ಈ ಕಾಲೇಜುಗಳ ಮೂಲಕವೇ ಉಚಿತವಾಗಿ ಕೊಡಿಸಿದೆ. ಹಲ್ಲು ಹೋದವರಿಗೆ ಹಲ್ಲು ಕೊಡಲು ಗೊತ್ತಿರುವ ಸರ್ಕಾರಕ್ಕೆ, ಇರುವ ಹಲ್ಲು ಉಳಿಸುವುದು ಅದಕ್ಕಿಂತ ಅಗ್ಗದ ಕೆಲಸ.

ಶುರು ಮಾಡಲು ಕೊಡಗು ಸೂಕ್ತ. ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆಯ ಕ್ರೀಡಾ ವಸತಿನಿಲಯ ಅಲ್ಲೇ ಇವೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ 2024ರ ಹೊತ್ತಿಗೆ 360 ಕುಟುಂಬಗಳ ತಂಡಗಳಿದ್ದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಆ ಕೂಟ ಮನಸ್ಸು ಮಾಡಿದರೆ ಇಲಾಖೆಯ ಆದೇಶಕ್ಕೆ ಕಾಯಬೇಕಾಗಿಲ್ಲ. ಇಲಾಖೆಯ ಪಾಲಿನ ಕೆಲಸ ವಸತಿನಿಲಯಗಳಲ್ಲಿದೆ: ಹೊಸ ಮಕ್ಕಳ ಬೂಟು, ಟ್ರ್ಯಾಕ್‌ಸೂಟಿನ ಅಳತೆ ತೆಗೆಯುವಾಗಲೇ ಹಲ್ಲಿನ ಅಚ್ಚನ್ನೂ ತೆಗೆಯುವುದು, ಹಲ್ಲು ಬದಲಾಗುವ ವಯಸ್ಸಿನವರಿಗೆ ವರ್ಷ ಬಿಟ್ಟು ಮತ್ತೊಮ್ಮೆ ತೆಗೆಯುವುದು.